ನೀರಿನ ಮೇಲಿನ ಊರಿಗೆ ನೆಲ ತಂದವಳು

ಕಾನ್ಯೊ ಗಾರ್ಸ ಎಂಬ ಊರಿಗೆ ನೆಲವಿಲ್ಲ. ಮರಕೈಬೊ ಸರೋವರದ ದಕ್ಷಿಣಕ್ಕೆ, ನದಿಯೊಂದು ಬಂದು ಕೂಡುವ ಕಡೆ, ನೀರಿನೊಳಗೆ ನೆಟ್ಟ ಕಂಬಗಳ ಮೇಲೆ ನಲವತ್ತೆರಡು ಮನೆಗಳು, ಒಂದು ಶಾಲೆ, ಒಂದು ಪುಟ್ಟ ಚರ್ಚು. ಪಕ್ಕದ ಮನೆಯಿಂದ ಉಪ್ಪು ತರಬೇಕಾದರೂ ದೋಣಿ ಬಿಚ್ಚಬೇಕು. ಕಾಲ ಕೆಳಗೆ ಇರುವುದನ್ನು ಅಲ್ಲಿ ಯಾರೂ ನೆಲ ಎನ್ನುವುದಿಲ್ಲ, ಹಲಗೆ ಎನ್ನುತ್ತಾರೆ. ನೆಲವೆಂದರೆ ದೂರದ ದಡ. ಎರಡು ಗಂಟೆ ದೋಣಿಯಲ್ಲಿ ಹೋಗಿ ಬಾಳೆಕಾಯಿಯನ್ನೋ ಸೀಮೆಎಣ್ಣೆಯನ್ನೋ ಹೇರಿಕೊಂಡು ಹಿಂದಿರುಗುವ ಜಾಗ. ಒಮ್ಮೆ ಹೋದರೆ ಹಿಂದಿರುಗದ ಜಾಗವೂ ಹೌದು. ಊರಿನ ಸ್ಮಶಾನವಿರುವುದು ಅಲ್ಲಿಯೇ.

ಆ ಊರಿನಲ್ಲಿ ಮರೆಲ್ಬಾ ಎಂಬ ಹೆಂಗಸು ಹತ್ತೊಂಬತ್ತು ವರ್ಷ ರೇಡಿಯೋ ನೋಡಿಕೊಂಡಳು. ಮೊಬೈಲು ಇನ್ನೂ ಬಂದಿರದ ಕಾಲ. ಅವಳ ಮನೆಯ ಮೂಲೆಯಲ್ಲಿ ಸರ್ಕಾರದವರು ಇಟ್ಟುಹೋಗಿದ್ದ ಮಾತಾಡುವ ರೇಡಿಯೋ ಇತ್ತು. ಯಾರಿಗೆ ಜ್ವರ ಏರಿದರೂ, ಯಾರಿಗೆ ಹೆರಿಗೆ ನೋವು ಬಂದರೂ ಮೊದಲು ದೋಣಿ ಬಂದು ನಿಲ್ಲುತ್ತಿದ್ದುದು ಅವಳ ಜಗಲಿಗೆ. ಅವಳು ಗುಂಡಿ ತಿರುಗಿಸಿ ದಡದ ವೈದ್ಯರನ್ನು ಕರೆಯುತ್ತಿದ್ದಳು. ಕರೆ ಕ್ಷಣದಲ್ಲಿ ಮುಟ್ಟುತ್ತಿತ್ತು. ದೋಣಿಗೆ ಮಾತ್ರ ಎರಡು ಗಂಟೆಯೇ ಬೇಕಾಗುತ್ತಿತ್ತು. ಅವಳ ಗಂಡ ಒಸ್ವಾಲ್ದೊ ಎದೆನೋವಿನಿಂದ ಹೋದದ್ದು ಹಾಗೆ, ಅರ್ಧ ದಾರಿಯಲ್ಲಿ, ಅವಳ ತೊಡೆಯ ಮೇಲೆ, ಬೆಳಗಿನ ಬಿಸಿಲು ನೀರಿನ ಮೇಲೆ ಚಿಮ್ಮುತ್ತಿದ್ದಾಗ.

ಆ ಸರೋವರದ ಮೇಲೆ ಮಿಂಚಿಗೆ ಬಿಡುವಿಲ್ಲ. ವರ್ಷದ ಅರ್ಧದಷ್ಟು ದಿನ, ಸಂಜೆಯಾಯಿತೆಂದರೆ ನದಿಯ ಬಾಯಿಯ ಕಡೆ ಆಕಾಶ ಮುಚ್ಚಿ ತೆರೆದು, ಮುಚ್ಚಿ ತೆರೆದು, ನಿದ್ದೆ ಬಾರದವರ ಕಣ್ಣಿನಂತೆ ಆಡುತ್ತದೆ. ಮಿಂಚಿದಾಗಲೆಲ್ಲ ರೇಡಿಯೋ ಚಟಪಟ ಎನ್ನುತ್ತಿತ್ತು. ಕೇಳಿ ಕೇಳಿ ಮರೆಲ್ಬಾಳ ಕಿವಿಗೆ ಒಂದು ಪಾಠವಾಗಿತ್ತು. ಒಣಸೌದೆ ಸಿಡಿದಂತೆ ಕೇಳಿದರೆ ಮಿಂಚು ತಲೆಯ ಮೇಲಿದೆ, ಎಣ್ಣೆಯಲ್ಲಿ ಸಾಸಿವೆ ಹಾರಿದಂತೆ ಕೇಳಿದರೆ ಆಚೆ ದಡದಲ್ಲಿದೆ, ಮರಳು ಸುರಿದಂತೆ ಕೇಳಿದರೆ ಮಳೆ ಬೆಟ್ಟ ದಾಟಿತು, ಇನ್ನು ಮಲಗಬಹುದು.

ಆದುದರಿಂದಲೇ ಪಟ್ಟಣದ ಅಳತೆಯವರು ತಮ್ಮ ಪೆಟ್ಟಿಗೆಯನ್ನು ಅವಳ ಮನೆಯಲ್ಲಿಟ್ಟರು. ಊರವರು ಅದನ್ನು ಕೇಳುವ ಪೆಟ್ಟಿಗೆ ಎಂದು ಕರೆದರು. ಮಾಡಿನ ಮೇಲೆ ಕರೆಂಟು ಕೊಡುವ ಒಂದು ಬಿಸಿಲುಫಲಕ, ಒಂದು ಬಿಳಿ ಅಣಬೆಯಂಥ ಆಂಟೆನಾ, ಅದರಿಂದ ಗೋಡೆಯ ಪೆಟ್ಟಿಗೆಗೆ ಇಳಿದ ಒಂದು ಕೇಬಲ್, ಅಷ್ಟೆ. ಬಾನಿನಲ್ಲಿ ತಿರುಗುವ ಉಪಗ್ರಹಗಳು ಪಿಸುಗುಟ್ಟುವುದನ್ನು ಅದು ಹಗಲಿರುಳೂ ಕೇಳುತ್ತ, ತಾನು ನಿಂತ ಕಂಬ ಎಲ್ಲಿದೆ, ಕುಸಿದಿದೆಯೇ, ವಾಲಿದೆಯೇ ಎಂದು ಉಗುರಿನ ದಪ್ಪದ ವ್ಯತ್ಯಾಸವನ್ನೂ ಹಿಡಿದು ಬರೆದಿಟ್ಟು, ಉಪಗ್ರಹದ ಮೂಲಕವೇ ಪಟ್ಟಣಕ್ಕೆ ಕಳುಹಿಸುತ್ತಿತ್ತು.

ಅದಕ್ಕೊಂದು ಕಾರಣವಿತ್ತು. ಸರ್ಕಾರ ಒಂದು ಆರೋಗ್ಯ ಕೇಂದ್ರ ಕಟ್ಟಿಸಲು ಒಪ್ಪಿತ್ತು. ಕಾನ್ಯೊ ಗಾರ್ಸದ ಕೆಸರಿನಲ್ಲಿ ಕಂಬಗಳು ಗಟ್ಟಿಯಾಗಿ ನಿಲ್ಲುತ್ತವೆಂದು ಒಂದು ವರ್ಷದ ಲೆಕ್ಕ ತೋರಿಸಿದರೆ ಕಟ್ಟಡ ಇಲ್ಲಿಯೇ, ಇಲ್ಲವಾದರೆ ದಡದಲ್ಲಿ. ಲೆಕ್ಕ ಎರಡು ಗಂಟೆಗಿಂತ ಹೆಚ್ಚು ಹೊತ್ತು ಎಲ್ಲಿಯೂ ಕಡಿಯಬಾರದು. ಮೊದಲು ತಂದಿಟ್ಟ ಪೆಟ್ಟಿಗೆ ಮೂರೇ ತಿಂಗಳಲ್ಲಿ ಸುಟ್ಟುಹೋಯಿತು. ಎರಡನೆಯದು ಐದು ವಾರಕ್ಕೆ ಸತ್ತಿತು. ಸಿಡಿಲು ಅವುಗಳ ಮೇಲೇನೂ ಬಿದ್ದಿರಲಿಲ್ಲ. ಎಲ್ಲಿಯೋ ಬಿದ್ದದ್ದು ಕೇಬಲಿನಲ್ಲಿ ಕಳ್ಳನಂತೆ ನುಸುಳಿ ಬಂದು ಒಳಗಿನ ಜೀವ ತೆಗೆದಿತ್ತು.

ಮೂರನೆಯದನ್ನು ಜನವರಿಯಲ್ಲಿ ಹೊತ್ತು ತಂದವಳು ಇರೈದಾ ಎಂಬ ಇಂಜಿನಿಯರು ಹುಡುಗಿ. ಪೆಟ್ಟಿಗೆ ಕೂರಿಸಿ, ಬೆವರು ಒರೆಸಿಕೊಂಡು, ಹಿರಿಯಳಿಗೆ ಸಲ್ಲುವ ಮರ್ಯಾದೆಯಿಂದ ದೊನ್ಯಾ ಎಂದು ಕರೆದು, ಮುಚ್ಚುಮರೆಯಿಲ್ಲದೆ ಹೇಳಿದಳು: "ದೊನ್ಯಾ ಮರೆಲ್ಬಾ, ಇದೇ ಕೊನೇದು. ಇದೂ ಹೋದ್ರೆ ಮೇಲಿನೋರು ಇನ್ನೊಂದು ಕೊಡಲ್ಲ. ಆರೋಗ್ಯ ಕೇಂದ್ರ ದಡಕ್ಕೇ ಹೋಗುತ್ತೆ."

"ಹೋಗೋಕೆ ಬಿಡಲ್ಲ ಮಗಳೇ," ಎಂದಳು ಮರೆಲ್ಬಾ. ಹೇಗೆಂದು ಅವಳಿಗೂ ತಿಳಿದಿರಲಿಲ್ಲ. ಮೀನು ಹಸನು ಮಾಡಿದ ಕೈಯನ್ನು ಸೆರಗಿನಂತೆ ಇಳಿಬಿಟ್ಟ ಏಪ್ರನ್ನಿಗೆ ಒರೆಸಿ, ಪೆಟ್ಟಿಗೆಯ ಹಸಿರು ದೀಪವನ್ನು ತೊಟ್ಟಿಲ ಮಗುವನ್ನು ನೋಡುವಂತೆ ನೋಡಿದಳು.

ಎರಡು ತಿಂಗಳು ಎಲ್ಲ ಸರಿಯಾಗಿತ್ತು. ಮಾರ್ಚಿನಲ್ಲಿ ಒಂದು ದಿನ ಅವಳು ಚರ್ಚಿನ ಮೆಟ್ಟಿಲ ತುದಿಗೆ ದೋಣಿ ಕಟ್ಟಿ ನಿಂತಾಗ — ಊರಿನಲ್ಲಿ ಫೋನು ಕೇಳಿಸುವುದು ಆ ಒಂದೇ ಮೆಟ್ಟಿಲಲ್ಲಿ — ಇರೈದಾಳ ದನಿ ಬಂತು.

"ದಿನಾ ಸಂಜೆ ಐದು ಗಂಟೆಗೆ ಪೆಟ್ಟಿಗೆ ಕಿವುಡಾಗ್ತಿದೆ ದೊನ್ಯಾ. ಮುಕ್ಕಾಲು ಗಂಟೆ. ಆಮೇಲೆ ತಾನೇ ಸರಿಹೋಗುತ್ತೆ. ಎರಡು ಗಂಟೆ ಮೀರದಿದ್ರೂ, ದಿನಾ ಹೀಗೆ ಚೂರುಚೂರಾದ ಲೆಕ್ಕ ಕೊಟ್ರೆ ಯಾರೂ ಒಪ್ಪಲ್ಲ. ಅಕ್ಕಪಕ್ಕ ಯಾರಾದ್ರೂ ಗಲಾಟೆ ಮಾಡ್ತಾರಾ?"

"ಗಲಾಟೆ ಮಾಡದೆ ಇರೋರು ಯಾರಿದ್ದಾರೆ ಮಗಳೇ ಇಲ್ಲಿ?"

"ಆ ಗಲಾಟೆ ಅಲ್ಲ. ಉಪಗ್ರಹದ ದನಿ ತುಂಬಾ ಸಣ್ಣದು. ಪಕ್ಕದಲ್ಲಿ ಯಾವುದೋ ಕೆಟ್ಟ ಯಂತ್ರ ಕಿರುಚ್ತಾ ಇದ್ರೆ ಅದು ಮುಳುಗಿಹೋಗುತ್ತೆ. ನಮ್ಮ ಕಿವಿಗೆ ಕೇಳಲ್ಲ, ರೇಡಿಯೋಗೆ ಕೇಳಬಹುದು."

"ರೇಡಿಯೋ ಅಂದ್ಯಲ್ಲ, ನಂಗೆ ಬಿಡು."

ಮಾರನೆಯ ಸಂಜೆ ಐದಕ್ಕೆ ಸರಿಯಾಗಿ, ಅಂಗೈಯಗಲದ ಪುಟ್ಟ ರೇಡಿಯೋ ಒಂದನ್ನು ಮಡಿಲಲ್ಲಿಟ್ಟುಕೊಂಡು, ಮುಳ್ಳನ್ನು ಯಾವ ಹಾಡೂ ಇಲ್ಲದ ಖಾಲಿ ಜಾಗಕ್ಕೆ ತಿರುಗಿಸಿ, ಮರೆಲ್ಬಾ ಮನೆಮನೆಯ ಕಂಬಗಳ ನಡುವೆ ಹುಟ್ಟು ಹಾಕುತ್ತ ಹೊರಟಳು. ನೀರು ಕರಗಿದ ತಾಮ್ರದಂತೆ ಹೊಳೆಯುತ್ತಿತ್ತು. ಬೆಳ್ಳಕ್ಕಿಗಳು ಬಲೆಗಳ ಮೇಲೆ ತೂಕಡಿಸುತ್ತಿದ್ದವು. ರೇಡಿಯೋ ಒಂದು ಮನೆಯ ಬಳಿ ಗುಸುಗುಟ್ಟಿತು, ಮುಂದಿನದರ ಬಳಿ ಗೊಣಗಿತು, ನೆರಿಯೊನ ಮನೆಯ ಬಳಿ ಬರುತ್ತಲೇ ಬಾಲ ತುಳಿದ ಬೆಕ್ಕಿನಂತೆ ಚೀರಿತು.

ನೆರಿಯೊ ದೋಣಿ ನಡೆಸುವವನು. ಮರೆಲ್ಬಾಳ ಮಗಳಿಗೆ ದೀಕ್ಷಾಸ್ನಾನದಲ್ಲಿ ತಂದೆಯ ಸ್ಥಾನದಲ್ಲಿ ನಿಂತವನು. ಹಾಗಾಗಿ ಅವನಿಗೆ ಅವಳು ಕೊಮಾದ್ರೆ, ಅವಳಿಗೆ ಅವನು ಕೊಂಪಾದ್ರೆ. ಹಾಗೆ ಕರೆದುಕೊಳ್ಳುವವರ ನಡುವೆ ಜಗಳಕ್ಕೂ ತಮಾಷೆಗೂ ಕೊನೆಯಿಲ್ಲ. ಸಂಜೆ ಐದಕ್ಕೆ ತಾನು ಟಿವಿಯಲ್ಲಿ ಬೇಸ್‌ಬಾಲ್ ನೋಡುವುದೆಂದು ಅವನು ಊರಿಗೆಲ್ಲ ಹೇಳಿಕೊಂಡಿದ್ದ. ಮರೆಲ್ಬಾ ಕಿಟಕಿಯಲ್ಲಿ ಇಣುಕಿದಳು. ಪರದೆಯ ಮೇಲೆ ಮದುವೆ ಉಡುಪಿನ ಹೆಣ್ಣೊಬ್ಬಳು ಬಿಕ್ಕುತ್ತಿದ್ದಳು. ನೆರಿಯೊ ಬಲೆಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

"ಏನ್ ಕೊಂಪಾದ್ರೆ, ಬೇಸ್‌ಬಾಲಿನಲ್ಲಿ ಈಗ ಮದುವೆ ಹೆಣ್ಣೂ ಬ್ಯಾಟು ಹಿಡೀತಾಳಾ?"

ಅವನು ಹಾರಿಬಿದ್ದ. "ಜಾಹೀರಾತು! ಜಾಹೀರಾತು ಅದು!"

"ಜಾಹೀರಾತಿಗೆ ಅಳೋ ಗಂಡಸನ್ನ ಇವತ್ತೇ ನೋಡಿದ್ದು. ಆ ಆಂಟೆನಾದ ಬೂಸ್ಟರ್ ಆರಿಸು."

ಬೂಸ್ಟರ್ ಆರಿತು, ರೇಡಿಯೋ ತೆಪ್ಪಗಾಯಿತು. ಹಾಕಿದ, ಮತ್ತೆ ಚೀರಿತು. ಕಿರುಚುವ ಯಂತ್ರ ಅದೇ, ಟಿವಿಯ ಚಿತ್ರ ತಿಳಿಯಾಗಲೆಂದು ಹಾಕಿದ್ದು, ಬೆಂಕಿಪೊಟ್ಟಣದಷ್ಟು ದೊಡ್ಡದು, ದಡದ ಸಂತೆಯಲ್ಲಿ ಕೊಂಡದ್ದು. ವಿಷಯ ಕೇಳಿ ನೆರಿಯೊನ ಮುಖ ಸಣ್ಣದಾಯಿತು.

"ಇವತ್ತೊಂದು ದಿನ ಬಿಡೇ ಕೊಮಾದ್ರೆ. ಅವನು ತನ್ನ ಸ್ವಂತ ಅಣ್ಣ ಅಲ್ಲ ಅಂತ ಇವತ್ತು ಅವಳಿಗೆ ಗೊತ್ತಾಗುತ್ತೆ!"

"ನಿಂಗೆ ಗೊತ್ತಲ್ಲ, ಸಾಕು. ಅವಳು ನಿಧಾನವಾಗಿ ತಿಳ್ಕೊಳ್ಲಿ."

ಅವನು ಬೂಸ್ಟರನ್ನು ಕಿತ್ತು ಅವಳ ಕೈಗೆ ಹಾಕಿದ. ಅಂದಿನಿಂದ ಅವನ ಪರದೆಯಲ್ಲಿ ಬರೀ ಬಿಳಿ ಚುಕ್ಕಿಗಳು. ಆದರೂ ಐದು ಗಂಟೆಗೆ ಅವನು ಅದರ ಮುಂದೆ ಕೂತು, ಕಣ್ಣು ಮುಚ್ಚಿ, ದನಿಗಳನ್ನಷ್ಟೇ ಕೇಳುತ್ತಿದ್ದ. ಬೇಸ್‌ಬಾಲ್ ಚೆನ್ನಾಗಿತ್ತೇ ಎಂದು ಯಾರಾದರೂ ಕೇಳಿದರೆ ಮರೆಲ್ಬಾ ಅತ್ತ ತಿರುಗಿ ನಗು ನುಂಗುತ್ತಿದ್ದಳು. ಗುಟ್ಟನ್ನು ಮಾತ್ರ ಅವಳು ಯಾರಿಗೂ ಬಿಟ್ಟುಕೊಡಲಿಲ್ಲ.

ಮೇ ತಿಂಗಳಲ್ಲಿ ಮೀನು ಕೊಳ್ಳುವವರ ದೋಣಿಯಲ್ಲಿ ಇರೈದಾ ಒಂದು ಪೊಟ್ಟಣ ಕಳುಹಿಸಿದಳು. ಒಳಗೆ ಹೆಬ್ಬೆರಳಷ್ಟು ದಪ್ಪದ ಹಿತ್ತಾಳೆಯ ಎರಡು ಉರುಳೆಗಳು, ಒಂದು ತಾಮ್ರದ ಸಲಾಕೆ, ಒಂದು ಹಸಿರು ವೈರು. ಅವಳು ಫೋನಿನಲ್ಲಿ ವಿವರಿಸಿದಳು: ಕೇಬಲು ಮನೆಯೊಳಗೆ ಬರುವಲ್ಲಿ ಒಂದು ಉರುಳೆಯನ್ನು ನಡುವೆ ಸೇರಿಸಬೇಕು. ಪಿಸುಮಾತು ಬಂದರೆ ಅದು ಸುಮ್ಮನೆ ಒಳಗೆ ಬಿಡುತ್ತದೆ. ಮಿಂಚಿನ ಕಳ್ಳ ಬಂದರೆ ಪಕ್ಕದ ಬಾಗಿಲು ತೆರೆದು ಅವನನ್ನು ಹಸಿರು ವೈರಿನ ದಾರಿಯಲ್ಲಿ ಆಚೆ ತಳ್ಳುತ್ತದೆ. "ಇನ್ನೊಂದು ಉರುಳೆ ಜೋಪಾನವಾಗಿ ಇಟ್ಕೊಂಡಿರಿ. ಆ ಹಸಿರು ವೈರನ್ನ ನೆಲಕ್ಕೆ ಕೊಡಿ ದೊನ್ಯಾ, ಮರೀಬೇಡಿ. ಒಣಗಿದ್ದಲ್ಲ, ಒದ್ದೆ ನೆಲ..." ಎನ್ನುತ್ತಿರುವಾಗಲೇ ದನಿ ಹರಿದುಹೋಯಿತು.

ಮರೆಲ್ಬಾ ಮೆಟ್ಟಿಲ ಮೇಲೆ ನಿಂತು ಮತ್ತೆ ಮತ್ತೆ ಕರೆದಳು, ಸಿಗಲಿಲ್ಲ. ಆಮೇಲೆ ನೆರಿಯೊನ ಮನೆಗೆ ಹೋದಳು.

"ಕೊಂಪಾದ್ರೆ, ನೆಲ ಬೇಕಂತೆ."

"ಎಷ್ಟು?"

"ಎಷ್ಟು ಅಂತ ಹೇಳ್ಲಿಲ್ಲ."

"ಒಂದು ಪೀಪಾಯಿ ಸಾಕಾಗುತ್ತೇನೋ," ಎಂದ ನೆರಿಯೊ, ತಲೆ ಕೆರೆದುಕೊಂಡು. ಇಬ್ಬರೂ ಬೆಳಕು ಹರಿಯುವಾಗ ಹೊರಟರು.

ದಡದಲ್ಲಿ ಮಣ್ಣಿಗೇನು ಬರವೇ? ಆದರೆ ಅದು ಬಾಳೆತೋಟದವರ ಮಣ್ಣು, ಇದು ದನದ ಹುಲ್ಲುಗಾವಲಿನವರ ಮಣ್ಣು. ಕಾನ್ಯೊ ಗಾರ್ಸದವರ ಸ್ವಂತದ್ದೆಂದು ಭೂಮಿಯ ಮೇಲೆ ಇದ್ದದ್ದು ಒಂದೇ ತುಂಡು, ಅವರ ಸ್ಮಶಾನ. ಊರಿನ ಕೆಲಸಕ್ಕೆ ಇನ್ನೊಬ್ಬರ ನೆಲ ತರಲು ಮರೆಲ್ಬಾಳಿಗೆ ಮನಸ್ಸಾಗಲಿಲ್ಲ. ಗೋರಿಗಳಿಂದ ದೂರ, ಬೇಲಿಯ ಪಕ್ಕದಲ್ಲಿ ಅವಳು ಮೊಣಕಾಲೂರಿ ಕುಳಿತಳು. "ನೀವು ಯಾರೂ ಏಳಬೇಡಿ. ಸ್ವಲ್ಪ ತೊಗೊಂಡು ಹೋಗ್ತೀವಿ. ಒಸ್ವಾಲ್ದೊ, ನಿಂಗೂ ಹೇಳಿದೆ," ಎಂದು ಗಟ್ಟಿಯಾಗಿಯೇ ಹೇಳಿ ಅಗೆಯತೊಡಗಿದಳು. ನೆರಿಯೊ ಟೋಪಿ ತೆಗೆದು ಬಕೆಟ್ ಹಿಡಿದ.

ಮಣ್ಣು ಹೇರಿದ ದೋಣಿ ನೀರಿಗೆ ತುಟಿ ತಾಗಿಸಿಕೊಂಡು ಮೆಲ್ಲಗೆ ಬಂತು. ಊರಿನ ಮಕ್ಕಳು ಈಜಿ ಬಂದು ಅದನ್ನು ಮುಟ್ಟಿ ಮೂಸಿದರು. ಕೇಬಲಿನ ನಡುವೆ ಉರುಳೆ ಸೇರಿಸಿ, ಜಗಲಿಯಲ್ಲಿ ಪೀಪಾಯಿ ನಿಲ್ಲಿಸಿ, ಮಣ್ಣು ತುಂಬಿ, ತಾಮ್ರದ ಸಲಾಕೆ ನೆಟ್ಟು, ಹಸಿರು ವೈರು ಬಿಗಿದದ್ದಾಯಿತು. ಒದ್ದೆಯಾಗಿರಬೇಕೆಂದು ಇರೈದಾ ಹೇಳಿದ್ದಳಲ್ಲ, ಮರೆಲ್ಬಾ ದಿನವೂ ಎರಡು ಹೊತ್ತು ನೀರು ಹಾಕಿದಳು.

"ಇಷ್ಟು ಆರೈಕೆ ಮಾಡ್ತೀಯಲ್ಲ ಕೊಮಾದ್ರೆ, ಏನು ಬೆಳೆಯುತ್ತೆ ಇದರಲ್ಲಿ? ಮಿಂಚಾ?"

"ಬೆಳೆದ್ರೆ ನಿನ್ನ ಮನೆಗೇ ಮೊದಲ ಬುಟ್ಟಿ."

ಜೂನಿನಲ್ಲಿ ಇರೈದಾ ಬಂದಳು. ಜಗಲಿ ಹತ್ತಿದವಳು ಪೀಪಾಯಿಯನ್ನು ಕಂಡು ನಿಂತುಬಿಟ್ಟಳು. ನಗು ತುಟಿಯ ತನಕ ಬಂದಿತ್ತು; ಮರೆಲ್ಬಾಳ ಮುಖ ನೋಡಿ ಅಲ್ಲಿಯೇ ಆರಿತು. ಮಣ್ಣು ಎಲ್ಲಿಯದೆಂದು ಕೇಳಿ ತಿಳಿದ ಮೇಲೆ ಅವಳು ಪೀಪಾಯಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತಳು.

"ತಪ್ಪು ನಂದು ದೊನ್ಯಾ. ನಾನು ಬಿಡಿಸಿ ಹೇಳಬೇಕಿತ್ತು. ನೋಡಿ, ಕಳ್ಳ ಈ ಪೀಪಾಯಿಗೆ ಬರ್ತಾನೆ. ಆಮೇಲೆ? ಕೆಳಗೆ ಒಣ ಹಲಗೆ. ಮುಂದಕ್ಕೆ ದಾರಿಯಿಲ್ಲ. ತಿರುಗಿ ಪೆಟ್ಟಿಗೆಗೇ ನುಗ್ತಾನೆ."

"ನೆಲ ಅಂದ್ಯಲ್ಲ ಮಗಳೇ."

"ವೈರಿನ ಕೆಲಸದೋರು ನೆಲ ಅನ್ನೋದು ಮಣ್ಣಿಗಲ್ಲ. ಎಷ್ಟು ಸುರಿದ್ರೂ ಕುಡಿದು ಸುಮ್ಮನಿರೋ ದೊಡ್ಡದು ಯಾವುದಿದ್ಯೋ ಅದಕ್ಕೆ ನೆಲ ಅಂತೀವಿ. ಪಟ್ಟಣದಲ್ಲಿ ಅದು ಮಣ್ಣು." ಅವಳು ಹಲಗೆಗಳ ನಡುವಿನ ಸಂದಿಗೆ ಬೆರಳು ತೋರಿಸಿದಳು. "ಇಲ್ಲಿ ಇದು. ಈ ಸರೋವರವೇ ನಿಮ್ಮ ನೆಲ."

ಮರೆಲ್ಬಾ ಬಗ್ಗಿ ಸಂದಿಯಲ್ಲಿ ನೋಡಿದಳು. ಐವತ್ತಾರು ವರ್ಷ ಆ ಸಂದಿಗಳ ಮೇಲೆ ನಡೆದವಳು ಅವಳು. ಕೆಳಗೆ ನೀರು ಹಸಿರಾಗಿ ಉಸಿರಾಡುತ್ತಿತ್ತು. ಬಿಸಿಲಿನ ಸಣ್ಣ ಗೀಟುಗಳು ಅದರ ಮೇಲೆ ಓಡಾಡುತ್ತಿದ್ದವು. ಒಂದು ಮರಿಮೀನು ಬಂದು, ನಿಂತು, ಹೋಯಿತು. ದಡದ ಸಂತೆಯವರು 'ನೆಲವಿಲ್ಲದ ಜನ' ಎಂದು ಕರೆದಾಗಲೆಲ್ಲ ತಲೆ ತಗ್ಗಿಸಿದ್ದುದು ನೆನಪಾಯಿತು. ಅವಳು ಏಳುವ ಮನಸ್ಸೇ ಇಲ್ಲದವಳಂತೆ ಹಾಗೆಯೇ ನೋಡುತ್ತಿದ್ದಳು.

"ನೀರಿಗೆ ಬಿಟ್ರೆ ಮೀನಿಗೆ ಶಾಕ್ ಹೊಡೆಯಲ್ವಾ?" ಎಂದ ನೆರಿಯೊ.

"ಒಂದು ಕ್ಷಣದ ಕೆಲಸ ಅದು. ಆದ್ರೆ ಮೋಡ ಕವಿದಾಗ ಈ ಕಡೆ ಯಾರೂ ನೀರಿಗೆ ಇಳೀಬಾರ್ದು."

"ಬೆಂದ ಮೀನು ತಾನಾಗಿ ತೇಲಿ ಬಂದ್ರೆ ನಂದು, ಈಗ್ಲೇ ಹೇಳಿದೀನಿ."

ಮನೆಯ ಹಿಂದೆ, ಮಕ್ಕಳು ಈಜದ ಕಡೆ, ಇರೈದಾ ಬಾಗಿಲಗಲದ ತಾಮ್ರದ ತಗಡೊಂದನ್ನು ನೀರಿನ ಆಳಕ್ಕೆ ಇಳಿಬಿಟ್ಟು ಹಸಿರು ವೈರನ್ನು ಅದಕ್ಕೆ ಬೆಸೆದಳು. ಮಾಡಿನ ತಗಡು, ಪೆಟ್ಟಿಗೆಯ ಮೈ, ಬಿಸಿಲುಫಲಕದ ಚೌಕಟ್ಟು, ಎಲ್ಲವನ್ನೂ ಅದೇ ವೈರಿಗೆ ಕೂಡಿಸಿದಳು. ಹಸಿರು ದೀಪವೆಂದರೆ ಎಲ್ಲ ಕ್ಷೇಮ. ಕೆಂಪು ಮಿಣುಕಿದರೆ ಪೆಟ್ಟಿಗೆ ಬದುಕಿದೆ, ಉರುಳೆ ಸತ್ತಿದೆ, ಆಗ ಹೊಸ ಉರುಳೆ ಹಾಕಬೇಕು. ದೀಪವೇ ಇಲ್ಲದಿದ್ದರೆ ಏನೂ ಉಳಿದಿಲ್ಲ ಎಂದು ಹೇಳಿಕೊಟ್ಟಳು.

ಪೀಪಾಯಿಯ ಮಣ್ಣನ್ನು ಜಗಲಿಯ ಕುಂಡದ ಮೆಣಸಿನ ಗಿಡಕ್ಕೆ ಹಾಕಲು ಮರೆಲ್ಬಾ ಒಪ್ಪಲಿಲ್ಲ. ಮತ್ತೆ ಅದನ್ನು ಬಕೆಟ್ಟಿಗೆ ತುಂಬಿ, ಎರಡು ಗಂಟೆ ದೋಣಿಯಲ್ಲಿ ಹೋಗಿ, ಬೇಲಿಯ ಪಕ್ಕದ ಗುಂಡಿಗೆ ಸುರಿದು, ಅಂಗೈಯಿಂದ ತಟ್ಟಿ ಬಂದರು. ಬರುವಾಗ ನೆರಿಯೊ ಹೇಳಿದ: "ಒಳ್ಳೇದೇ ಆಯ್ತು ಬಿಡು. ಪಾಪ, ಅಲ್ಲಿ ಮಲಗಿರೋರು ಒಂದು ತಿಂಗಳು ಊರಿಗೆ ಬಂದು ಎಲ್ಲರ್ನೂ ನೋಡ್ಕೊಂಡು ಹೋದ್ರು."

ಮಿಂಚಿನ ತಿಂಗಳುಗಳು ಬಂದವು. ಅಕ್ಟೋಬರಿನ ಒಂದು ಸಂಜೆ, ಐದೂವರೆಯ ಹೊತ್ತಿಗೆ, ಮೋಡ ಎಷ್ಟು ಕೆಳಗಿಳಿಯಿತೆಂದರೆ ಚರ್ಚಿನ ಶಿಲುಬೆ ಅದರೊಳಗೆ ಹೊಕ್ಕಂತೆ ಕಂಡಿತು. ಮರೆಲ್ಬಾ ಮೀನಿಗೆ ತೆಂಗಿನ ಹಾಲು ಹಿಂಡುತ್ತಿದ್ದಳು. ನೆರಿಯೊ ಮಳೆಗೆ ಹೆದರಿ ಅವಳ ಜಗಲಿಗೆ ದೋಣಿ ಕಟ್ಟಿದ್ದ. ಒಮ್ಮೆಲೇ ಲೋಕವೆಲ್ಲ ಬೆಳ್ಳಗಾಯಿತು. ಸದ್ದು ಆಮೇಲೆ ಬರಲಿಲ್ಲ, ಬೆಳಕಿನೊಳಗೇ ಇತ್ತು. ಶಾಲೆಯ ಬಾವುಟದ ಕಂಬ, ಕೂಗಳತೆಯ ದೂರದಲ್ಲಿ, ಬುಡದ ತನಕ ಸೀಳಿಹೋಗಿತ್ತು.

ಕಣ್ಣಿಗೆ ಕತ್ತಲು ಮರಳಿದಾಗ ಮರೆಲ್ಬಾ ಗೋಡೆಯ ಕಡೆ ತಿರುಗಲಾರದೆ ನಿಂತಿದ್ದಳು. "ನೋಡು ಕೊಂಪಾದ್ರೆ. ನಂಗೆ ಆಗಲ್ಲ."

ನೆರಿಯೊ ನೋಡಿದ. "ಕೆಂಪು," ಎಂದ. ಸ್ವಲ್ಪ ತಡೆದು, "ಮಿಣುಕ್ತಾ ಇದೆ!"

ಪೆಟ್ಟಿಗೆ ಬದುಕಿತ್ತು. ಆದರೆ ಕಿವಿ ಮುಚ್ಚಿತ್ತು. ಲೆಕ್ಕ ಉಳಿಯಬೇಕಾದರೆ ಎರಡು ಗಂಟೆಯೊಳಗೆ, ಏಳೂವರೆಗೆ ಮುಂಚೆ, ಅದನ್ನು ತೆರೆಯಬೇಕು. ಸತ್ತ ಉರುಳೆ ಇದ್ದದ್ದು ಹೊರಗೆ, ಸೂರಿನ ಕೆಳಗೆ, ಏಣಿಯ ಮೇಲೆ ನಿಂತರೆ ಕೈಗೆ ಸಿಗುವಲ್ಲಿ. ಮಿಂಚು ಆಡುತ್ತಿರುವಾಗ ಅದನ್ನು ಮುಟ್ಟಿದರೆ ಕಳ್ಳನಿಗೆ ತನ್ನ ಮೈಯನ್ನೇ ದಾರಿ ಮಾಡಿಕೊಟ್ಟಂತೆ. ಮರೆಲ್ಬಾ ಪುಟ್ಟ ರೇಡಿಯೋ ತೆಗೆದು, ಮುಳ್ಳನ್ನು ಖಾಲಿ ಜಾಗಕ್ಕೆ ತಿರುಗಿಸಿ, ಮೂಲೆಗೆ ಕಟ್ಟಿದ ಹಗ್ಗದ ಜೋಲಿಯಲ್ಲಿ ಕುಳಿತಳು.

ಒಣಸೌದೆ. ಒಣಸೌದೆ. ಆರು ಗಂಟೆ ದಾಟಿತು. ಜೋಲಿ ತಾನಾಗಿ ತೂಗುತ್ತಿತ್ತು. ಎಷ್ಟೋ ಸಂಜೆ ಇದೇ ಮೂಲೆಯಲ್ಲಿ ಇದೇ ಸದ್ದು ಕೇಳುತ್ತ, ಹೊರಟ ದೋಣಿ ಮುಟ್ಟಿತೆಂಬ ಸುದ್ದಿಗಾಗಿ ಕಾದದ್ದು, ಒಂದರ ಮೇಲೊಂದು ಸೇರಿ, ಇಂದಿನದು ಯಾವುದು ಅಂದಿನದು ಯಾವುದು ಎಂದು ತಿಳಿಯದಾಯಿತು. ಆ ದೋಣಿಗಳಲ್ಲಿ ಹೋದವರೆಲ್ಲ ಮಳೆಯಲ್ಲಿ ಜಗಲಿಯ ಅಂಚಿಗೆ ಬಂದು ಕುಳಿತು ತನ್ನೊಡನೆ ಕಿವಿಗೊಟ್ಟು ಕೇಳುತ್ತಿರುವಂತೆ ಅವಳಿಗೆ ತೋರಿತು.

"ಈಗ ಹತ್ತಲಾ?" ಎಂದ ನೆರಿಯೊ, ಏಳಕ್ಕೆ ಹತ್ತು ನಿಮಿಷವಿದ್ದಾಗ. "ನಾನು ಹತ್ತೀನಿ. ನಂಗೇನು, ಹೆಂಡ್ತಿ ಇಲ್ಲ, ಬೂಸ್ಟರೂ ಇಲ್ಲ."

"ಸುಮ್ನಿರು. ಇನ್ನೂ ಸೌದೆ."

ಸಾಸಿವೆ. ಅವಳು ಬೆರಳೆತ್ತಿದಳು. ಮತ್ತೂ ಸಾಸಿವೆ. ಏಳೂ ಕಾಲು ಹತ್ತಿರವಾಯಿತು. ಕೊನೆಗೆ, ಯಾರೋ ದೂರದಲ್ಲಿ ಚೀಲದಿಂದ ಮರಳು ಸುರಿದಂತೆ.

"ಏಣಿ ಹಿಡಿ," ಎಂದು ಅವಳೇ ಎದ್ದಳು.

ಹಳೆಯ ಉರುಳೆ ತುಕ್ಕು ಹಿಡಿದಂತೆ ಬಿಗಿದಿತ್ತು. ಮೀನಿನ ಹುರುಪೆ ತೆಗೆದು ತೆಗೆದು ಗಟ್ಟಿಯಾದ ಬೆರಳುಗಳು ಅದನ್ನು ತಿರುಗಿಸಿ ಕಳಚಿದವು. ಹೊಸತನ್ನು ಕೂರಿಸಿ ಬಿಗಿಯುವಾಗ ನೆರಿಯೊ ಕೆಳಗೆ ಏಣಿ ಹಿಡಿದುಕೊಂಡು, ತೆರೆದ ಬಾಗಿಲಿನಿಂದ ಗೋಡೆಯ ದೀಪವನ್ನೇ ನೋಡುತ್ತಿದ್ದ.

"ಕೆಂಪು... ಕೆಂಪು... ಕೊಮಾದ್ರೆ! ಹಸಿರು!"

ಗಡಿಯಾರದಲ್ಲಿ ಏಳೂ ಇಪ್ಪತ್ತು. ಮರೆಲ್ಬಾ ಏಣಿಯಿಂದಿಳಿದು ಮೆಟ್ಟಿಲ ಮೇಲೆ ಕುಳಿತು, ಕಪ್ಪಾದ ಹಳೆಯ ಉರುಳೆಯನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡಳು. ಅದು ಇನ್ನೂ ಬೆಚ್ಚಗಿದೆಯೆಂದು ಅವಳಿಗೆ ಅನ್ನಿಸಿತು.

ಜನವರಿಯಲ್ಲಿ ಇರೈದಾ ಕಾಗದ ತಂದಳು. ಚರ್ಚಿನ ಮೆಟ್ಟಿಲ ಸುತ್ತ ದೋಣಿಗಳು ಸೇರಿದವು. "ಕಂಬ ಕುಸಿದಿಲ್ಲ," ಎಂದು ಅವಳು ಓದಿದಳು. "ವಾಲಿಲ್ಲ. ಕಟ್ಟಡ ಇಲ್ಲೇ ಅಂತ ರುಜು ಆಗಿದೆ. ಆದ್ರೆ ಇನ್ನೊಂದು ವಿಷಯ ಇದೆ. ಈ ವರ್ಷದಲ್ಲಿ ನಿಮ್ಮೂರು ಈಶಾನ್ಯದ ಕಡೆ ಬೆರಳಗಲ ಸರಿದಿದೆ. ನೀವಷ್ಟೇ ಅಲ್ಲ. ಸರೋವರ, ದಡ, ಹಿಂದಿನ ಬೆಟ್ಟ, ಎಲ್ಲ ಒಟ್ಟಿಗೆ."

ಎಲ್ಲರೂ ಒಂದು ಗಳಿಗೆ ನೀರಿನ ಕಡೆ ನೋಡಿದರು, ಅದು ಹೊರಟಿರುವುದು ಕಾಣಬಹುದೇನೋ ಎಂಬಂತೆ.

"ಅಂದ್ರೆ ನಾವು ಇಷ್ಟು ದಿನ ಪ್ರಯಾಣದಲ್ಲಿದ್ವಾ?" ಎಂದ ನೆರಿಯೊ. "ಯಾರೂ ಹೇಳ್ಲೇ ಇಲ್ವಲ್ಲ! ಮರಕೈಬೊ ಪಟ್ಟಣ ಮುಟ್ಟೋಕೆ ಎಷ್ಟು ದಿನ?"

"ಪಟ್ಟಣವೂ ಸರೀತಾ ಇದೆ, ಮುಟ್ಟಲ್ಲ."

"ಹಾಗಾದ್ರೆ ಅವಸರ ಇಲ್ಲ. ಊಟ ಮಾಡಿ ಹೋಗಮ್ಮ."

ಮಾರ್ಚಿನಲ್ಲಿ ಕಂಬ ಇಳಿಸುವವರು ದೊಡ್ಡ ತೆಪ್ಪ ಕಟ್ಟಿಕೊಂಡು ಬಂದರು. ಜಾಗವನ್ನು ಮರೆಲ್ಬಾಳೇ ತೋರಿಸಬೇಕೆಂದು ಊರವರು ಹಟ ಹಿಡಿದರು. ಎಲ್ಲ ಮನೆಗಳಿಗೂ ನಡುವೆ, ಯಾವ ಮನೆಯಿಂದ ಹೊರಟರೂ ಹತ್ತು ನಿಮಿಷದಲ್ಲಿ ಮುಟ್ಟುವಲ್ಲಿ, ಅವಳು ಹುಟ್ಟನ್ನು ನೀರಿಗೆ ಚುಚ್ಚಿ ಹಿಡಿದಳು. ಮೊದಲ ಕಂಬ ನೆಟ್ಟಗೆ ನಿಂತು, ಮೇಲಿನಿಂದ ಕಬ್ಬಿಣದ ಗುಂಡು ಬಿದ್ದು, ಒಂದೊಂದೇ ಮೊಳ ಕೆಸರಿಗೆ ಇಳಿಯಿತು. ಪ್ರತಿ ಪೆಟ್ಟಿಗೂ ಸಣ್ಣ ಅಲೆಯೊಂದು ಹೊರಟು ಬಂದು ಅವಳ ದೋಣಿಯನ್ನು ಎತ್ತಿ ಇಳಿಸುತ್ತಿತ್ತು. ಹೊತ್ತು ನೆತ್ತಿಗೇರುವಾಗ ಗುಂಡು ಬಿದ್ದರೂ ಕಂಬ ಅಲುಗಲಿಲ್ಲ. ಮೇಸ್ತ್ರಿ ಕೈಯೆತ್ತಿ, "ನಿಂತ್ಕೊಂಡಿತು!" ಎಂದು ಕೂಗಿದ. ಅಲೆಗಳು ಒಂದೊಂದಾಗಿ ಅಡಗಿದವು, ಮರೆಲ್ಬಾಳ ದೋಣಿಯೂ ನಿಶ್ಚಲವಾಯಿತು.